ಮುಯ್ಯಾಳು ಲೆಕ್ಕದಲ್ಲಿ ನಡೆಯೋ ರಾತ್ರಿ ಹತ್ತನೇ ಕ್ಲಾಸು: ನಮ್ಮೂರ ಓದಿನ ಗುಂಪಿನ ರಿವ್ಯೂ

ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟೋರು, ಒಂದೆರಡು ಸಬ್ಜೆಕ್ಟಲ್ಲಿ ಫೇಲಾಗಿ ಆಮೇಲೆ ಆ ಕಡೆ ತಲೆನೇ ಹಾಕದೇ ಇರೋರು, ಮದ್ವೆ ಆದ್ಮೇಲೆ ಓದು ನಿಂತುಹೋದ ಹೆಣ್ಮಕ್ಕಳು, ಇವರೆಲ್ಲಾ ಮತ್ತೆ ಕೂತು ಓದಿ ಪಾಸಾಗಲಿ ಅಂತ ಮಂಡ್ಯ ಜಿಲ್ಲೆಯ ನಮ್ಮೂರಲ್ಲಿ ಒಂದು ಓದಿನ ಗುಂಪು ನಡೀತಿದೆ. ಬೋರ್ಡಿಲ್ಲ, ಫೀಸಿಲ್ಲ, ಸಂಬಳದ ಮೇಷ್ಟ್ರೂ ಇಲ್ಲ, ನಡೆಯೋದೆಲ್ಲ ಮುಯ್ಯಾಳು ಲೆಕ್ಕದಲ್ಲಿ, ಅಂದ್ರೆ ಒಬ್ಬರು ಮಾಡಿದ ಕೆಲಸಕ್ಕೆ ಇನ್ನೊಬ್ಬರು ಕೆಲಸಾನೇ ವಾಪಸ್ ಮಾಡಿಕೊಡೋದು. ನಮ್ಮತ್ತಿಗೆ ಅಲ್ಲೇ ಓದಿ ಪಾಸಾದ್ರು, ನಾನು ಬೆಂಗಳೂರಿಂದ ಊರಿಗೆ ಹೋದಾಗೆಲ್ಲ ಸಮಾಜ ವಿಜ್ಞಾನ ಹೇಳ್ಕೊಡೋಕೆ ಕೂರ್ತೀನಿ, ಹಾಗಾಗಿ ಇದು ಒಳಗಿಂದ ನೋಡಿ ಬರೀತಿರೋ ರಿವ್ಯೂ. ಬೇರೆ ಊರೋರು ಇಂಥದ್ದು ಹೇಗೆ ನಡೆಸ್ತೀರಿ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಪರೀಕ್ಷೆ ವಿಷಯ. ಗುಂಪು ಅಂದ್ರೆ ಸ್ಕೂಲಲ್ಲ, ಸರ್ಟಿಫಿಕೇಟ್ ಕೊಡೋದು ಗುಂಪಲ್ಲ. ನಮ್ಮಲ್ಲಿ ಜಾಸ್ತಿ ಜನ ಕಟ್ಟೋದು ಎನ್‌ಐಓಎಸ್, ಅಂದ್ರೆ ರಾಷ್ಟ್ರೀಯ ಮುಕ್ತ ಶಾಲೆ. ಇದು 1979ರಲ್ಲಿ ಸಿಬಿಎಸ್‌ಇ ಒಳಗೆ ಒಂದು ಪ್ರಾಜೆಕ್ಟ್ ಥರ ಶುರುವಾಗಿ 1989ರಲ್ಲಿ ಸ್ವಂತ ಸಂಸ್ಥೆ ಆಯ್ತು, ಹೆಡ್ ಆಫೀಸ್ ನೋಯ್ಡಾದಲ್ಲಿ, ಬೆಂಗಳೂರಲ್ಲೂ ಪ್ರಾದೇಶಿಕ ಕೇಂದ್ರ ಇದೆ. ಹತ್ತನೇ ಕ್ಲಾಸಿಗೆ 14 ವರ್ಷ ತುಂಬಿದ್ರೆ ಸಾಕು, ಮೇಲಕ್ಕೆ ವಯಸ್ಸಿನ ಮಿತಿ ಇಲ್ಲ. ಐದು ಸಬ್ಜೆಕ್ಟು, ಪಾಸಿಗೆ 33 ಪರ್ಸೆಂಟ್, ವರ್ಷಕ್ಕೆ ಎರಡು ಸಲ ಪರೀಕ್ಷೆ (ಏಪ್ರಿಲ್-ಮೇ, ಅಕ್ಟೋಬರ್-ನವೆಂಬರ್), ಒಂದ್ಸಲ ಹೆಸರು ನೋಂದಾಯಿಸಿದ್ರೆ 5 ವರ್ಷ ಚಾಲ್ತೀಲಿರುತ್ತೆ, ಅಷ್ಟರೊಳಗೆ 9 ಅವಕಾಶ. ಐದೂ ಒಂದೇ ಸಲ ಬರೀಬೇಕು ಅಂತಿಲ್ಲ, ಈ ಸಲ ಎರಡು ಮುಂದಿನ ಸಲ ಒಂದು ಅಂತ ಬಿಡಿಬಿಡಿಯಾಗಿ ಬರೆದು ಮುಗಿಸ್ಬಹುದು. ಹಿಂದೆ ಬೋರ್ಡ್ ಪರೀಕ್ಷೆಲಿ ಪಾಸಾಗಿರೋ ಸಬ್ಜೆಕ್ಟಿದ್ರೆ ಎರಡರವರೆಗೂ ಆ ಮಾರ್ಕ್ಸ್ ಇಲ್ಲಿಗೆ ತರಬಹುದು. ಗಣಿತ ಕಡ್ಡಾಯ ಅಲ್ಲ. ಹೆಂಗಸರಿಗೂ ಎಸ್‌ಸಿ ಎಸ್‌ಟಿಯೋರಿಗೂ ಫೀಸು ಕಮ್ಮಿ.

ಇನ್ನು ಕೆಲವರು ಎಸ್ಸೆಸ್ಸೆಲ್ಸಿನೇ ಖಾಸಗಿ ಅಭ್ಯರ್ಥಿಯಾಗಿ ಕಟ್ತಾರೆ. ಅದರಲ್ಲಿ ಆರು ಸಬ್ಜೆಕ್ಟು, 625 ಮಾರ್ಕ್ಸು, ಗಣಿತ ವಿಜ್ಞಾನ ತಪ್ಪಿಸೋಕಾಗಲ್ಲ, ಆದ್ರೆ ಪುಸ್ತಕ ಕನ್ನಡದಲ್ಲಿ ಮನೆಮನೇಲಿ ಸಿಗುತ್ತೆ, ಊರಿನ ಹೈಸ್ಕೂಲ್ ಮಕ್ಕಳೇ ಡೌಟ್ ಬಗೆಹರಿಸ್ತಾರೆ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯೋ ಅವಕಾಶ ಬೇರೆ ಇದೆ. ಯಾವುದು ಒಳ್ಳೇದು ಅಂತ ಕೇಳಿದ್ರೆ ನಾನು ಹೇಳೋದು ಇಷ್ಟೇ: ಸ್ಕೂಲು ಬಿಟ್ಟು ತುಂಬ ವರ್ಷ ಆಗಿದ್ರೆ, ಗಣಿತ ಅಂದ್ರೆ ಕೈಕಾಲು ನಡುಗುತ್ತೆ ಅನ್ನೋರಾದ್ರೆ ಎನ್‌ಐಓಎಸ್, ಒಂದೋ ಎರಡೋ ಸಬ್ಜೆಕ್ಟ್ ಮಾತ್ರ ಉಳಿದಿದ್ರೆ ಎಸ್ಸೆಸ್ಸೆಲ್ಸಿನೇ ಮುಗಿಸ್ಕೊಳ್ಳಿ.

ಕಾಗದದ ಮೇಲೆ ಮುಕ್ತ ಶಾಲೆ ತುಂಬಾ ಚೆನ್ನಾಗಿದೆ, ಆದ್ರೆ ಅಷ್ಟು ಚೆನ್ನಾಗಿರೋದೇ ಕೆಲವರಿಗೆ ತೊಂದ್ರೆ. 5 ವರ್ಷ ಟೈಮಿದೆಯಲ್ಲ ಅಂತ ಈ ವರ್ಷ ಬಿಡ್ತಾರೆ. ಮುಂದಿನ ವರ್ಷ ಮಗೂಗೆ ಹುಷಾರಿರಲ್ಲ, ಅದರಾಚೆ ವರ್ಷ ಮನೆ ಕಟ್ಟಿಸ್ತಾರೆ, ಅಲ್ಲಿಗೆ ನೋಂದಣಿ ಮುಗಿದಿರುತ್ತೆ. ಪುಸ್ತಕದ ಕಟ್ಟು ಅಟ್ಟದ ಮೇಲೆ. ನಮ್ಮೂರಲ್ಲೇ ಗುಂಪು ಶುರುವಾಗೋ ಮುಂಚೆ ಫಾರಂ ತುಂಬಿ ದುಡ್ಡು ಕಟ್ಟಿ ಒಂದು ಪರೀಕ್ಷೆನೂ ಬರೀದೇ ಇರೋರು ಇದ್ರು, ಅವರಿಗೆ ಬುದ್ಧಿ ಕಮ್ಮಿ ಅಂತಲ್ಲ, ಮನೇಲಿ ಒಬ್ಬರೇ ಕೂತು ಓದೋಕೆ ಯಾರೂ ಬಿಡಲ್ಲ ಅಷ್ಟೇ, ಹೆಂಗಸು ಪುಸ್ತಕ ಹಿಡಿದು ಕೂತ್ರೆ ಐದು ನಿಮಿಷಕ್ಕೆ ಒಬ್ಬರು ಬಂದು ಏನಾದ್ರೂ ಕೇಳ್ತಾರೆ. ಓದೋಕೆ ಬೇಕಾಗಿರೋದು ಪುಸ್ತಕಕ್ಕಿಂತ ಮುಂಚೆ ಬಿಡುವು, ಆ ಬಿಡುವನ್ನ ಬೇರೆ ಯಾರಾದ್ರೂ ಮಾಡಿಕೊಡಬೇಕು. ಗುಂಪಿನ ಅಸಲಿ ಕೆಲಸ ಇದೇ ಅಂತ ನನ್ನ ಅಭಿಪ್ರಾಯ, ಪಾಠ ಆಮೇಲೆ.

ಈಗ ಮುಯ್ಯಾಳು ವಿಷಯಕ್ಕೆ ಬರ್ತೀನಿ. ಹಳೇ ಮೈಸೂರು ಕಡೆಯೋರಿಗೆ ಹೇಳಬೇಕಾಗಿಲ್ಲ, ಇವತ್ತು ನಿಮ್ಮ ಗದ್ದೆ ನಾಟಿಗೆ ನಮ್ಮನೆಯಿಂದ ಇಬ್ಬರು ಬಂದ್ರೆ ನಾಳಿದ್ದು ನಮ್ಮ ಗದ್ದೆಗೆ ನಿಮ್ಮನೆಯಿಂದ ಇಬ್ಬರು ಬರಬೇಕು, ಕೂಲಿ ಮಾತಿಲ್ಲ, ಮಧ್ಯಾಹ್ನದ ಊಟ ಗದ್ದೆಯೋರದ್ದು. ಮಲೆನಾಡಿನೋರು ಮುರಿಯಾಳು ಅಂತಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳಲ್ಲೂ ಒಬ್ಬರ ಜಮೀನಲ್ಲಿ ಎಲ್ಲರೂ ಸೇರಿ ದುಡಿಯೋದು ಇದೇ ಲೆಕ್ಕದ ಮೇಲೆ. ನಾಟಿಗೂ ಕೊಯ್ಲಿಗೂ ಮಿಷಿನ್ ಬಂದ್ಮೇಲೆ, ಗುತ್ತಿಗೆ ಗ್ಯಾಂಗ್‌ನೋರು ಬರೋಕೆ ಶುರುವಾದ್ಮೇಲೆ ನಮ್ಮ ಕಡೆ ಗದ್ದೇಲಿ ಇದು ಕಮ್ಮಿ ಆಗಿದೆ, ಆದ್ರೆ ಜನರ ಮನಸ್ಸಲ್ಲಿ ಇನ್ನೂ ಇದೆ, ಮುಯ್ಯಿ ತೀರಿಸ್ಲಿಲ್ಲ ಅಂದ್ರೆ ಇವತ್ತಿಗೂ ಮುಖ ಎತ್ತಿ ಓಡಾಡೋಕೆ ಆಗಲ್ಲ. ಗುಂಪು ಶುರು ಮಾಡಿದೋರು ಇದನ್ನೇ ಹಿಡಕೊಂಡ್ರು. ಯಾರೂ ದಾನ ತಗೊಳ್ಳೋಕೆ ಇಷ್ಟಪಡಲ್ಲ, ಅದರಲ್ಲೂ ನಲವತ್ತು ದಾಟಿದೋರಿಗೆ ಫ್ರೀಯಾಗಿ ಪಾಠ ಹೇಳಿಸ್ಕೊಳ್ಳೋದು ಅಂದ್ರೆ ನಾಚಿಕೆ, ಆದ್ರೆ ಮುಯ್ಯಿ ಅಂದ ತಕ್ಷಣ ಆ ನಾಚಿಕೆ ಹೋಗುತ್ತೆ, ಯಾಕಂದ್ರೆ ವಾಪಸ್ ಕೊಡೋಕೆ ನನ್ನ ಹತ್ರಾನೂ ಏನೋ ಇದೆ ಅಂತ ಆಗುತ್ತಲ್ಲ.

ನಡೆಯೋದು ಹೀಗೆ. ಸಾಯಂಕಾಲ ಡೇರಿಗೆ ಹಾಲು ಹಾಕಿ ಬಂದು, ಮನೇಲಿ ಸಾರಿಗಿಟ್ಟು, ಏಳೂವರೆ ಎಂಟಕ್ಕೆ ಸೇರ್ತಾರೆ. ಇಪ್ಪತ್ತರ ಆಸುಪಾಸು ಜನ, ಅದರಲ್ಲಿ ಹೆಂಗಸರೇ ಹೆಚ್ಚು. ಕಾಲೇಜಿಗೆ ಹೋಗೋ ಹುಡುಗಿಯೊಬ್ಬಳು ಎನ್‌ಐಓಎಸ್‌ನ ಡೇಟಾ ಎಂಟ್ರಿ ಸಬ್ಜೆಕ್ಟ್ ಹೇಳ್ಕೊಡ್ತಾಳೆ, ಅದಕ್ಕೆ ಬದಲು ಅವಳ ಪರೀಕ್ಷೆ ಟೈಮಲ್ಲಿ ಅವಳ ಮನೆ ಹಸು ಕರೆಯೋದು ಗುಂಪಿನ ಇಬ್ಬರು ಅಕ್ಕಂದಿರು. ರಿಟೈರ್ಡ್ ಮೇಷ್ಟ್ರೊಬ್ಬರು ಕನ್ನಡ ತಗೋತಾರೆ, ಅವರ ತೋಟದಲ್ಲಿ ಕಾಯಿ ಕೀಳಿಸೋ ದಿನ ಗುಂಪಿನ ಗಂಡಸರು ಹೋಗ್ತಾರೆ. ಪಾಠ ಹೇಳಿಸ್ಕೊಳ್ಳೋರು ಮತ್ತೆ ಪಾಠವೇ ಹೇಳಬೇಕು ಅಂತ ಇಲ್ಲ. ಹೋಮ್ ಸೈನ್ಸಲ್ಲಿ ಒಂದು ಚಾಪ್ಟರ್ ಚೆನ್ನಾಗಿ ಅರ್ಥ ಆಗಿದ್ರೆ ಅದನ್ನ ಹಿಂದೆ ಉಳಿದೋರಿಗೆ ಹೇಳ್ಬೇಕು, ಆಗಿಲ್ವಾ, ಕ್ಲಾಸಿನ ಹೊತ್ತಲ್ಲಿ ಬೇರೆಯೋರ ಮಕ್ಕಳನ್ನ ನೋಡ್ಕೋಬೇಕು. ಈ ಮಕ್ಕಳನ್ನ ನೋಡ್ಕೊಳ್ಳೋ ಸರದಿ ಇಲ್ಲದಿದ್ರೆ ಅರ್ಧ ಹೆಂಗಸರು ಬರ್ತಾನೇ ಇರಲಿಲ್ಲ ಅಂತ ಅತ್ತಿಗೆ ಹೇಳ್ತಾರೆ.

ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇದೆ. ಮದುವೆ ಮನೇಲಿ ಮುಯ್ಯಿ ಬರೀತಾರಲ್ಲ ಹಾಗೇ, ಎಡಗಡೆ ಪೇಜಲ್ಲಿ ಯಾರು ಯಾರಿಗೆ ಏನು ಮಾಡಿದ್ರು, ಬಲಗಡೆ ಏನು ವಾಪಸ್ ಬಂತು. ಮೊದಮೊದಲು ಕೆಲವರು ಇದೆಲ್ಲ ಬರೆದಿಡೋದು ಬೇಡ, ಮನೆಯೋರ ನಡುವೆ ಎಂಥ ಲೆಕ್ಕ ಅಂದ್ರಂತೆ, ಆದ್ರೆ ಬರೆದಿಡದೇ ಇದ್ರೆ ಜಾಸ್ತಿ ಮಾಡೋರು ಜಾಸ್ತಿ ಮಾಡ್ತಾನೇ ಇರ್ತಾರೆ, ಅವರು ಯಾವಾಗಲೂ ಹೆಂಗಸರೇ ಆಗಿರ್ತಾರೆ. ನೋಟ್‌ಬುಕ್ ಇಟ್ಟ ಮೇಲೆ ಗಂಡಸರ ಹೆಸರ ಮುಂದೆ ಎಡಗಡೆ ಖಾಲಿ ಇರೋದು ಎಲ್ಲರ ಕಣ್ಣಿಗೂ ಬಿತ್ತು, ಅಲ್ಲಿಂದ ಕ್ಲಾಸ್ ಕಸ ಗುಡಿಸೋದು, ಚಾಪೆ ಹಾಕೋದು ಗಂಡಸರ ಪಾಲಿಗೆ ಬಂತು. ಇಂಥ ಗುಂಪು ಮಾಡೋರು ಯಾರೇ ಆಗ್ಲಿ ಒಂದು ನೋಟ್‌ಬುಕ್ ಇಡಿ, ದುಡ್ಡಿನ ಲೆಕ್ಕ ಬರೆಯೋಕಿಂತ ಇದು ಮುಖ್ಯ.

ಇನ್ನೊಂದು ವಿಷಯ ಇದೆ, ಸ್ವಲ್ಪ ಕಷ್ಟದ್ದು, ಆದ್ರೆ ಹೇಳದೇ ಬಿಟ್ರೆ ರಿವ್ಯೂ ಅರ್ಧ ಆಗುತ್ತೆ. ಮುಯ್ಯಾಳು ನಮ್ಮ ಹಿರಿಯರ ಸಹಕಾರ ಅಂತ ಹೊಗಳ್ತೀವಲ್ಲ, ಅದು ಎಲ್ಲರಿಗೂ ಇದ್ದದ್ದಲ್ಲ. ಜಮೀನಿದ್ದೋರು ಜಮೀನಿದ್ದೋರ ಜೊತೆ ಮಾಡ್ತಿದ್ರು, ಅದೂ ಜಾಸ್ತಿ ತಮ್ಮ ತಮ್ಮ ಜಾತಿಯೋರ, ನೆಂಟರ ನಡುವೆ. ಜಮೀನಿಲ್ಲದೋರು ಆ ಲೆಕ್ಕದೊಳಗೇ ಬರ್ತಿರಲಿಲ್ಲ, ಅವರು ಕೂಲಿ, ಅಷ್ಟೇ. ಓದು ಅರ್ಧಕ್ಕೆ ನಿಂತಿರೋದು ಜಾಸ್ತಿ ಅವರ ಮನೆಗಳಲ್ಲೇ ಅಲ್ವಾ? ಹಾಗಾಗಿ ಹಳೇ ಪದ್ಧತಿನ ಹಾಗೇ ಎತ್ತಿಕೊಂಡು ಬಂದಿದ್ರೆ ಗುಂಪು ಮೇಲಿನ ಕೇರಿಯೋರ ಭಜನೆ ಮನೆ ಆಗಿಬಿಡ್ತಿತ್ತು. ಶುರುವಲ್ಲಿ ಹಾಗೇ ಆಗ್ತಿತ್ತಂತೆ, ದೇವಸ್ಥಾನದ ಪಕ್ಕದ ಹಾಲಲ್ಲಿ ಸೇರ್ತಿದ್ರು, ಕಾಲೋನಿ ಕಡೆಯಿಂದ ಒಬ್ಬರೂ ಬರ್ತಿರಲಿಲ್ಲ. ಯಾಕೆ ಬರ್ತಿಲ್ಲ ಅಂತ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆಮೇಲೆ ಆ ಮೇಷ್ಟ್ರೇ ಪಟ್ಟು ಹಿಡಿದು ಕ್ಲಾಸನ್ನ ಪಂಚಾಯ್ತಿ ಲೈಬ್ರರಿಗೆ, ಅದೇ ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿಗೆ ಬದಲಾಯಿಸಿದ್ರು. ಅದು ಸರ್ಕಾರದ ಜಾಗ, ಯಾರಪ್ಪನ ಮನೆಯೂ ಅಲ್ಲ. ಮೇಲ್ವಿಚಾರಕರು ಬೀಗದ ಕೈ ಕೊಡ್ತಾರೆ, ಪಾಪ ಎಷ್ಟೋ ಸಲ ಅವರೂ ಕೂತಿರ್ತಾರೆ. ಕಂಪ್ಯೂಟರೂ ಅಲ್ಲೇ ಇರೋದ್ರಿಂದ ಫಾರಂ ತುಂಬೋದು, ಹಾಲ್ ಟಿಕೆಟ್ ತೆಗೆಯೋದು ಅಲ್ಲೇ ಆಗುತ್ತೆ, ಸೈಬರ್ ಸೆಂಟರ್‌ಗೆ ಅಲೆಯೋದು ತಪ್ಪಿತು.

ಈಗ ಕಾಲೋನಿಯ ಹೆಂಗಸರು ಗುಂಪಿನ ಮುಂದಿನ ಸಾಲಲ್ಲಿದ್ದಾರೆ. ಅವರ ಮುಯ್ಯಿ ತೀರಿಸೋಕೆ ಜಮೀನೇ ಬೇಕಾಗಿಲ್ಲ. ಅವರಲ್ಲೊಬ್ಬರು ಟೈಲರಿಂಗ್ ಬಲ್ಲೋರು, ಹೋಮ್ ಸೈನ್ಸ್ ಪ್ರಾಕ್ಟಿಕಲ್‌ಗೆ ಹೊಲಿಗೆ ಪೂರ್ತಿ ಅವರೇ ಹೇಳ್ಕೊಟ್ಟಿದ್ದು, ಅದಕ್ಕೆ ಬದಲು ಜಮೀನಿರೋ ಮನೆಯೋರು ಅವರ ಪರೀಕ್ಷೆ ದಿನಗಳಲ್ಲಿ ಅವರ ಕೂಲಿ ಹೋಗದೇ ಇರೋ ಹಾಗೆ ನೋಡ್ಕೊಂಡ್ರು. ಒಬ್ಬರ ಹೊಲದಲ್ಲಿ ಅವರ ಪರವಾಗಿ ಇನ್ನೊಬ್ಬರು ಕೆಲಸ ಮಾಡಿ ಕೂಲಿ ಅವರ ಕೈಗೆ ಕೊಟ್ರು. ಕೂಲಿ ಮಾಡೋರಿಗೆ ಪರೀಕ್ಷೆ ಅಂದ್ರೆ ಒಂದು ದಿನದ ದುಡ್ಡು ಹೋದ ಹಾಗೆ, ಐದು ಪೇಪರ್ ಅಂದ್ರೆ ಐದು ದಿನ. ಇದನ್ನ ಯೋಚನೆ ಮಾಡದೇ ಶಿಕ್ಷಣ ಉಚಿತ ಅಂತ ಹೇಳ್ತಾ ಕೂತ್ರೆ ಏನು ಬಂತು. ಜಾತಿ ಸಮಸ್ಯೆ ಮುಗೀತು ಅಂತ ನಾನು ಹೇಳ್ತಿಲ್ಲ, ಒಬ್ಬರ ಮನೆ ಟೀ ಇನ್ನೊಬ್ಬರು ಕುಡಿಯೋದು ಈಗಲೂ ಎಲ್ಲರಿಗೂ ಸಲೀಸಲ್ಲ. ಆದ್ರೆ ಒಂದೇ ಚಾಪೆ ಮೇಲೆ ಕೂತು ಒಬ್ಬರ ನೋಟ್ಸ್ ಒಬ್ಬರು ಬರ್ಕೊಳ್ಳೋದು ಶುರುವಾಗಿದೆ, ನಮ್ಮೂರಲ್ಲಿ ಅದು ಸಣ್ಣ ವಿಷಯ ಅಲ್ಲ.

ಎನ್‌ಐಓಎಸ್‌ನಲ್ಲಿ ಟಿಎಂಎ ಅಂತ ಇರುತ್ತೆ, ಮನೇಲಿ ಬರೆದು ಅಪ್‌ಲೋಡ್ ಮಾಡೋ ಅಸೈನ್‌ಮೆಂಟು, 20 ಪರ್ಸೆಂಟ್ ಮಾರ್ಕ್ಸು ಅದರಲ್ಲೇ. ಸಹಕಾರದ ಗುಂಪಲ್ಲಿ ಇದೇ ಅಪಾಯದ ಜಾಗ, ಯಾಕಂದ್ರೆ ಒಬ್ಬರು ಬರೆದಿದ್ದನ್ನ ಹತ್ತು ಜನ ಇಳಿಸಿಬಿಡೋದು ಸುಲಭ, ಸಹಾಯ ಮಾಡಿದೆ ಅಂತ ಸಮಾಧಾನನೂ ಆಗುತ್ತೆ. ಗುಂಪಿನ ನಿಯಮ ಏನಂದ್ರೆ ಭಾನುವಾರ ಎಲ್ಲರೂ ಸೇರಿ ಪ್ರಶ್ನೆ ಬಗ್ಗೆ ಬಾಯಲ್ಲಿ ಮಾತಾಡೋದು, ಪೆನ್ನು ಮುಟ್ಟೋ ಹಾಗಿಲ್ಲ, ಆಮೇಲೆ ಅವರವರ ಮನೆಗೆ ಹೋಗಿ ಅವರವರೇ ಬರೀಬೇಕು. ಬರವಣಿಗೆ ನಿಧಾನ ಇರೋರಿಗೆ ಇದು ಕಷ್ಟ ಆಯ್ತು, ಅತ್ತಿಗೆ ಮೊದಲ ಅಸೈನ್‌ಮೆಂಟಿಗೆ ಎರಡು ರಾತ್ರಿ ಕೂತಿದ್ರು, ಆದ್ರೆ ಪರೀಕ್ಷೆ ಹಾಲಲ್ಲಿ ಕೈ ಓಡಿದ್ದು ಇದರಿಂದಲೇ ಅಂತ ಅವರದ್ದೇ ಮಾತು. ಈ ನಿಯಮಕ್ಕೆ ನನ್ನ ಕಡೆಯಿಂದ ಪೂರ್ತಿ ಮಾರ್ಕ್ಸು.

ಪರೀಕ್ಷೆ ಸೀಸನ್ ಬಂದಾಗ ಗುಂಪಿನ ತಾಕತ್ತು ಗೊತ್ತಾಗೋದು. ಎನ್‌ಐಓಎಸ್ ಥಿಯರಿ ಪೇಪರ್ ಸಾಮಾನ್ಯವಾಗಿ ಮಧ್ಯಾಹ್ನ ಎರಡೂವರೆಗೆ ಶುರು, ಮೂರು ಗಂಟೆ ಪೇಪರಾದ್ರೆ ಐದೂವರೆ, ಸೆಂಟರ್ ಇರೋದು ಪಟ್ಟಣದಲ್ಲಿ, ಊರು ಸೇರೋ ಹೊತ್ತಿಗೆ ಕತ್ತಲು. ಅಷ್ಟರಲ್ಲಿ ಸಾಯಂಕಾಲದ ಡೇರಿ ಹಾಲಿನ ಟೈಮ್ ಮುಗಿದಿರುತ್ತೆ. ಹಾಲು ಕರೆಯದೇ ಬಿಡೋಕಾಗುತ್ತಾ? ಅಕ್ಕಪಕ್ಕದ ಗುಂಪಿನೋರೇ ಕರೆದು ಡೇರಿಗೆ ಹಾಕಿ, ಪಾಸ್‌ಬುಕ್ಕಲ್ಲಿ ಬರೆಸ್ಕೊಂಡು ಬರ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿರೋದ್ರಿಂದ ಹೆಂಗಸರಿಗೆ ಬಸ್ ಚಾರ್ಜ್ ಚಿಂತೆ ಇಲ್ಲ, ಆದ್ರೆ ವಾಪಸ್ ಬರೋಕೆ ಬಸ್ಸೇ ಇಲ್ಲದಿದ್ರೆ ಫ್ರೀ ಟಿಕೆಟ್ ಏನ್ ಮಾಡೋದು, ಅದಕ್ಕೆ ಒಬ್ಬರು ಓಮ್ನಿ ತಗೊಂಡು ಹೋಗಿ ಎಲ್ಲರನ್ನೂ ಕರ್ಕೊಂಡು ಬರ್ತಾರೆ, ಪೆಟ್ರೋಲ್ ಎಲ್ಲರೂ ಹಾಕ್ತಾರೆ. ಅಕ್ಟೋಬರ್-ನವೆಂಬರ್ ಪರೀಕ್ಷೆ ನಮ್ಮ ರಾಗಿ ಕೊಯ್ಲಿನ ಹತ್ತಿರಕ್ಕೇ ಬರುತ್ತೆ, ಏಪ್ರಿಲ್-ಮೇ ಪರೀಕ್ಷೆ ಮದ್ವೆ, ಜಾತ್ರೆ, ಊರಹಬ್ಬದ ನಡುವೆ. ಯಾವುದೂ ಅನುಕೂಲ ಅಲ್ಲ, ಆದ್ರೂ ಏಪ್ರಿಲ್ ವಾಸಿ ಅಂತ ಗುಂಪಿನ ಅನುಭವ, ಮದ್ವೆಗೆ ಹೋಗ್ಲಿಲ್ಲ ಅಂದ್ರೆ ನೆಂಟರು ಮುನಿಸ್ಕೋತಾರೆ, ರಾಗಿ ಮುನಿಸ್ಕೊಂಡ್ರೆ ವರ್ಷದ ಊಟ ಹೋಗುತ್ತೆ. ನಾಲೆಗೆ ನೀರು ಬಿಟ್ಟು ನಾಟಿ ಜೋರಾಗಿರೋ ವಾರಗಳಲ್ಲಿ ಕ್ಲಾಸೇ ಇರಲ್ಲ, ಅದನ್ನ ಮೊದಲೇ ಲೆಕ್ಕ ಹಾಕಿ ಪಾಠ ಹಂಚಿರ್ತಾರೆ. ಕ್ಯಾಲೆಂಡರ್ ಊರಿನ ಕೆಲಸ ನೋಡ್ಕೊಂಡು ಮಾಡಿದ್ದಕ್ಕೇ ಜನ ಉಳ್ಕೊಂಡಿದ್ದು ಅನ್ಸುತ್ತೆ ನಂಗೆ.

ಕೊರತೆಗಳೂ ಇವೆ. ದೊಡ್ಡದು ಇಂಗ್ಲಿಷು. ಹೇಳ್ಕೊಡೋರೇ ಇಲ್ಲ, ಮೊಬೈಲಲ್ಲಿ ವಿಡಿಯೋ ಹಾಕ್ಕೊಂಡು ನೋಡ್ತಾರೆ, ವಿಡಿಯೋಗೆ ಡೌಟ್ ಕೇಳೋಕಾಗಲ್ಲವಲ್ಲ. ಅದಕ್ಕೇ ತುಂಬಾ ಜನ ಭಾಷೆ ಅಂತ ಕನ್ನಡ ಒಂದೇ ತಗೊಂಡು ಇಂಗ್ಲಿಷ್ ಬಿಡ್ತಾರೆ, ಪಾಸಾಗೋಕೆ ಅದು ಸರಿ, ಮುಂದೆ ಪಿಯುಸಿ ಓದಬೇಕು ಅಂದಾಗ ಕಷ್ಟ. ಗಣಿತದ್ದೂ ಅದೇ ಕಥೆ, ಬಿಟ್ಟು ಪಾಸಾಗಬಹುದು ನಿಜ, ಆದ್ರೆ ಐಟಿಐಯ ಬಹಳಷ್ಟು ಟ್ರೇಡ್‌ಗಳಿಗೆ ಹತ್ತನೇ ಕ್ಲಾಸಲ್ಲಿ ಗಣಿತ ವಿಜ್ಞಾನ ಓದಿರಬೇಕು, ಹದಿನೇಳು ಹದಿನೆಂಟರ ಹುಡುಗರಿಗೆ ಇದನ್ನ ಫಾರಂ ತುಂಬೋ ದಿನವೇ ಕೂರಿಸಿ ಹೇಳಬೇಕು, ನಮ್ಮ ಗುಂಪಲ್ಲಿ ಅದು ಸಾಲದು. ಹುಡುಗರು ನಿಲ್ಲೋದೂ ಕಮ್ಮಿ. ಹೆಂಗಸರು ಗಟ್ಟಿಯಾಗಿ ಕೂರ್ತಾರೆ, ಹುಡುಗರು ಬೆಂಗಳೂರಲ್ಲಿ ಕೆಲಸ ಸಿಕ್ತು ಅಂತ ಹೋಗಿಬಿಡ್ತಾರೆ, ಅಲ್ಲಿಂದ ಪರೀಕ್ಷೆಗೆ ಬರೋಕೆ ರಜೆ ಸಿಗಲ್ಲ. ಇನ್ನೊಂದು, ಆ ಮೇಷ್ಟ್ರು ಒಂದು ವಾರ ಊರಲ್ಲಿಲ್ಲ ಅಂದ್ರೆ ಹಾಜರಿ ಅರ್ಧ ಆಗುತ್ತೆ. ಒಬ್ಬರ ಮೇಲೆ ಇಷ್ಟು ನಿಂತಿರೋದು ಒಳ್ಳೇದಲ್ಲ, ಅವರಿಗೂ ವಯಸ್ಸಾಗ್ತಿದೆ.

ಪಟ್ಟಣದಲ್ಲಿ ದುಡ್ಡು ತಗೊಂಡು ಹತ್ತನೇ ಕ್ಲಾಸ್ ಪಾಸ್ ಗ್ಯಾರಂಟಿ ಅನ್ನೋರೂ ಇದಾರೆ. ಅತ್ತಿಗೆಯನ್ನ ಮೊದಲು ಅಂಥ ಒಂದು ಕಡೆಗೇ ಕಳ್ಸಿದ್ವಿ, ಯಾವ ಸಬ್ಜೆಕ್ಟ್ ಅಂತಾನೂ ಕೇಳದೆ ಫಾರಂ ಅವರೇ ತುಂಬೋಕೆ ಹೊರಟಿದ್ರು, ಓದೋ ಚಿಂತೆ ನಿಮಗ್ಯಾಕೆ ಅಂದ್ರಂತೆ. ಓದೋಕೆ ತಾನೇ ಬಂದಿರೋದು ಅಂತ ಅತ್ತಿಗೆ ಎದ್ದು ಬಂದ್ರು. ಅಂಥೋರ ಹತ್ರ ಹೋಗಬೇಡಿ, ಸಬ್ಜೆಕ್ಟು, ಮೀಡಿಯಂ ಕಾಲಂ ಎರಡನ್ನೂ ನೀವೇ ಕಣ್ಣಾರೆ ನೋಡಿ ತುಂಬಿ. ಕೆಲಸಕ್ಕೆ ಅಂತ ಓದ್ತಿರೋರು ಆ ಕೆಲಸದ ನೋಟಿಫಿಕೇಶನ್ನಲ್ಲಿ ಎಸ್ಸೆಸ್ಸೆಲ್ಸಿ ತತ್ಸಮಾನ ಅಂತ ಏನು ಬರೆದಿದೆ, ಯಾವ ಭಾಷೆ ಓದಿರಬೇಕು ಅಂತ ಕೇಳಿದ್ದಾರೆ ಅಂತ ಮೊದಲೇ ಓದ್ಕೊಳ್ಳಿ. ಅತ್ತಿಗೆ ಕಣ್ಣಿರೋದು ಅಂಗನವಾಡಿ ಸಹಾಯಕಿ ಕೆಲಸದ ಮೇಲೆ, ಅದಕ್ಕೆ ಹತ್ತನೇ ಕ್ಲಾಸು ಬೇಕು, ಕಾರ್ಯಕರ್ತೆ ಆಗಬೇಕಂದ್ರೆ ಪಿಯುಸಿ. ಈಗ ಪಿಯುಸಿನೂ ಇಲ್ಲೇ ಕಟ್ತೀನಿ ಅಂತಿದ್ದಾರೆ.

ಗದಗದ ಕನಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು, ಸಾಲಕ್ಕೆ ಸಂಘ ಇದೆ, ಹಾಲಿಗೆ ಸಂಘ ಇದೆ, ಸ್ತ್ರೀಶಕ್ತಿ ಸಂಘ ಬೀದಿಗೊಂದಿದೆ. ಅದೇ ಜನ ಅದೇ ಅಭ್ಯಾಸದಿಂದ ಓದಿಗೂ ಸೇರಬಹುದು ಅನ್ನೋದನ್ನ ನಮ್ಮೂರಲ್ಲಿ ನಾನು ಕಣ್ಣಾರೆ ನೋಡಿದೀನಿ. ಸ್ಟಾರ್ ಕೊಡೋದಾದ್ರೆ ಐದಕ್ಕೆ ನಾಲ್ಕು. ಒಂದು ಕಳೆದಿದ್ದು ಇಂಗ್ಲಿಷಿಗೆ.

ಅಂದಹಾಗೆ ಮುಂದಿನ ಅಡ್ಮಿಷನ್‌ಗೆ ಹೆಸರು ಬರ್ಕೊಳ್ತಿದ್ದಾರೆ, ಈ ಸಲ ನಮ್ಮಣ್ಣನೂ ಕೊಟ್ಟಿದ್ದಾನೆ, ಗಣಿತನೂ ತಗೋತೀನಿ ಅಂತ ಹಟ. ಮಂಡ್ಯ ಮದ್ದೂರು ಕಡೆ ಇರೋರು, ವಾರಕ್ಕೆ ಒಂದು ಸಾಯಂಕಾಲ ಇಂಗ್ಲಿಷ್ ಹೇಳ್ಕೊಡೋಕೆ ಮನಸ್ಸಿದ್ರೆ ದಯವಿಟ್ಟು ಬನ್ನಿ. ಸಂಬಳ ಇಲ್ಲ, ಆದ್ರೆ ರಾತ್ರಿ ಮುದ್ದೆ ಊಟ ಖಂಡಿತ ಇದೆ, ನಿಮ್ಮ ಮನೇಲಿ ಏನೇ ಕೆಲಸ ಇದ್ರೂ ನೋಟ್‌ಬುಕ್ಕಿನ ಬಲಗಡೆ ಪೇಜಲ್ಲಿ ಬರೆಸಿ, ಜನ ಬಂದು ಮಾಡಿಕೊಡ್ತಾರೆ.